ನಾದಕ್ಕೆ ಬೇಕಾದ ಮರ

ಗುಂಡ್ಲುಪೇಟೆಯ ಕಡೆಯ ಗೃಹಸ್ಥರೊಬ್ಬರು ನಮಗೆ ಬರೆದಿರುವರು. ಅವರ ಮೊಮ್ಮಗಳು ಬೆಂಗಳೂರಿನಲ್ಲಿ ಚೆಲ್ಲೊ ಎಂಬ ಪಾಶ್ಚಾತ್ಯ ವಾದ್ಯವನ್ನು ಅಭ್ಯಾಸ ಮಾಡುತ್ತಿರುವಳಂತೆ. ಆ ವಾದ್ಯವು ಯಾವ ಯಾವ ಪದಾರ್ಥಗಳಿಂದ ಆದುದು? ಒಂದು ಕೋಲಿಗೂ ಒಂದು ಹಿಡಿ ಕೂದಲಿಗೂ ಅಷ್ಟೊಂದು ಬೆಲೆ ಏಕೆ? ನಮ್ಮ ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಹೆಸರುವಾಸಿಯಾದ ಬೀಟೆಮರವಿರುವಾಗ, ತಮ್ಮ ಅಟ್ಟದ ಮೇಲೆಯೂ ಅಜ್ಜನ ಕಾಲದ ಬೀಟೆಯ ತೊಲೆಯೊಂದು ಬಿದ್ದಿರುವಾಗ, ಅದರಿಂದಲೇ ಆ ವಾದ್ಯವನ್ನು ಮಾಡಿಸಬಾರದೇಕೆ? ಇವು ಅವರ ಮೂರು ಪ್ರಶ್ನೆಗಳು. ಮೂರನ್ನೂ ಈ ತಿಂಗಳು ಕೈಗೆತ್ತಿಕೊಳ್ಳುವೆವು. ಸಂಗೀತವನ್ನರಿಯದ ವಾಚಕರು ಪುಟವನ್ನು ಮಗುಚಬೇಕಾಗಿಲ್ಲ. ಈ ವಿಷಯವು ಕೊನೆಗೆ ನಮ್ಮ ಹಿತ್ತಿಲಿಗೇ ಬಂದು ನಿಲ್ಲತಕ್ಕದ್ದು.

ಮೊದಲು ಹೆಸರಿನ ವಿಚಾರ. ಇಟಲಿ ದೇಶದ ಭಾಷೆಯಲ್ಲಿ ‘ವಯೋಲ’ ಎಂಬುದು ಒಂದು ತಂತಿವಾದ್ಯ. ದೊಡ್ಡದೆಂಬ ಅರ್ಥದ ಪ್ರತ್ಯಯವು ಸೇರಿ ಅದು ‘ವಯೊಲೋನೆ’ ಆಯಿತು. ಆ ಮೇಲೆ ಚಿಕ್ಕದೆಂಬ ಅರ್ಥದ ಪ್ರತ್ಯಯವು ಸೇರಿ ‘ವಯೊಲೊನ್‌ಚೆಲ್ಲೊ’ ಎಂದಾಯಿತು. ಎಂದರೆ ‘ಚಿಕ್ಕದಾದ ದೊಡ್ಡ ವಯೋಲ’. ಈಗ ಲೋಕವೆಲ್ಲವೂ ಪ್ರಕೃತಿಯನ್ನು ಕೈಬಿಟ್ಟು ಬರಿಯ ಪ್ರತ್ಯಯದಿಂದಲೇ ಆ ವಾದ್ಯವನ್ನು ಕರೆಯುತ್ತಿರುವುದು! ವ್ಯಾಕರಣವನ್ನು ಓದಿದವರಿಗೆ ಇದು ನಗೆ ತರುವ ಸಂಗತಿಯೇ ಸರಿ. ಆಕಾರದಲ್ಲಿ ಅದು ನಮ್ಮ ಪಿಟೀಲಿನ ಹಿರಿಯಣ್ಣನಂತಿರುವುದು. ಒಡಲೊಂದೇ ಸುಮಾರು 75 ಸೆಂಟಿಮೀಟರು ಉದ್ದ. ಪೀಠದ ಮೇಲೆ ಕುಳಿತು, ಮೊಣಕಾಲುಗಳ ನಡುವೆ ಅದನ್ನು ಒರಗಿಸಿಕೊಂಡು, ಕಮಾನಿನಿಂದ ನುಡಿಸುವರು. ಅದರ ನಾದವು ಗಂಡಸಿನ ಗಂಭೀರವಾದ ಕಂಠಕ್ಕೆ ಹತ್ತಿರವಾದುದೆಂದು ಕೇಳಿದವರೆಲ್ಲರೂ ಹೇಳುವರು.

ಇನ್ನು ಪದಾರ್ಥಗಳು. ಚೆಲ್ಲೊವಿನ ಮುಂಭಾಗದ ಹಲಗೆಯು ಸ್ಪ್ರೂಸ್ ಎಂಬ ಮರದ್ದು. ಇದು ದೇವದಾರುವಿನ ಬಳಗಕ್ಕೆ ಸೇರಿದ, ಶೀತಪರ್ವತಗಳಲ್ಲಿ ಬೆಳೆಯುವ ವೃಕ್ಷ. ಚಳಿಯ ದೆಸೆಯಿಂದ ಅದು ಬಹು ಮೆಲ್ಲಗೆ ಬೆಳೆಯುವುದು. ಆದುದರಿಂದ ಅದರ ವರ್ಷವರ್ಷದ ಬಳೆಗಳು ಒಂದರ ಪಕ್ಕದಲ್ಲೊಂದು ಒತ್ತಾಗಿ, ಗೆರೆ ಎಳೆದಂತೆ ಕಾಣಬರುವುವು. ಇಂತಹ ಮರವು ತೂಕದಲ್ಲಿ ಹಗುರ, ಬಿಗುವಿನಲ್ಲಿ ಗಟ್ಟಿ. ಈ ಎರಡು ಗುಣಗಳು ಒಂದೆಡೆ ಕೂಡಿರುವುದು ಅಪರೂಪ. ನಾದಕ್ಕೆ ಬೇಕಾದುದೂ ಅದೇ. ಹಗುರವಲ್ಲದ ಹಲಗೆಯನ್ನು ತಂತಿಯ ನಡುಕವು ಅಲುಗಿಸಲಾರದು; ಬಿಗುವಿಲ್ಲದ ಹಲಗೆಯು ನಾಲ್ಕು ತಂತಿಗಳ ಎಳೆತವನ್ನು ತಾಳಲಾರದು. ಆ ಎಳೆತವಾದರೋ ಒಟ್ಟಿಗೆ 50–60 ಕಿಲೋಗ್ರಾಮುಗಳಷ್ಟು. ಅದನ್ನು ಹೊರತಕ್ಕ ಹಲಗೆಯ ದಪ್ಪವು ಕೇವಲ 4–5 ಮಿಲಿಮೀಟರು!

ಬೆನ್ನಿನ ಹಲಗೆ, ಪಕ್ಕೆಗಳು, ಕತ್ತು ಇವು ಮೇಪಲ್ ಎಂಬ ಮರದವು. ಇದು ಹೆಚ್ಚು ಗಟ್ಟಿಯಾದುದು. ಒಳ್ಳೆಯ ಹಲಗೆಯಲ್ಲಿ ರೇಷ್ಮೆಯ ಮೇಲೆ ಬೆಳಕು ಬಿದ್ದಂತೆ ಅಲೆಅಲೆಯಾದ ಮಿಂಚು ಕಾಣುವುದು. ಬೆರಳುಗಳು ತಂತಿಯನ್ನು ಒತ್ತುವ ಹಲಗೆಯು ಕರಿಮರದ್ದು. ಅದು ನಮ್ಮ ತಿಂದುಕದ ಜಾತಿ. ನೀರಿನಲ್ಲಿ ಹಾಕಿದರೆ ಮುಳುಗುವಷ್ಟು ಭಾರ. ದಿನವೂ ತಂತಿ ಉಜ್ಜಿದರೂ ಬೇಗನೆ ಸವೆಯದು. ಸಿಂಹಳ ಮತ್ತು ದಕ್ಷಿಣ ಭಾರತದ ಕರಿಮರಕ್ಕೆ ಈ ಕೆಲಸದಲ್ಲಿ ಹಿಂದಿನಿಂದಲೂ ಹೆಸರುಂಟು. ಬಿರಡೆಗಳನ್ನೂ, ತಂತಿಯ ಬುಡವನ್ನು ಹಿಡಿದಿರುವ ಬಾಲಹಲಗೆಯನ್ನೂ ಕರಿಮರದಿಂದಲೋ ಬೀಟೆಯಿಂದಲೋ ಮಾಡುವರು. ಇವೆಲ್ಲವನ್ನೂ ಕೂಡಿಸುವುದು ಬಡಗಿಗಳು ವಜ್ರವೆಂದು ಕರೆಯುವ ಚರ್ಮದ ಅಂಟು. ಬಿಸಿ ತಗುಲಿಸಿದರೆ ಅದು ಬಿಡುವುದು; ಆದುದರಿಂದಲೇ ಮುನ್ನೂರು ವರ್ಷದ ವಾದ್ಯವನ್ನು ಸಹ ಬಿಚ್ಚಿ, ರಿಪೇರಿ ಮಾಡಿ, ಮರಳಿ ಮುಚ್ಚಲು ಸಾಧ್ಯ. ತಂತಿಗಳು ಪೂರ್ವದಲ್ಲಿ ಕುರಿಯ ಕರುಳಿನವಾಗಿದ್ದುವು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕರುಳಿನ ಮೇಲೆ ಲೋಹದ ತಂತಿಯನ್ನು ಸುತ್ತುವ ಉಪಾಯವು ತಿಳಿದ ಮೇಲೆ ಮಂದ್ರದ ತಂತಿಗಳು ತೆಳುವಾದುವು, ವಾದ್ಯವೂ ಕೈಗೆ ಒದಗುವಷ್ಟು ಚಿಕ್ಕದಾಯಿತು. ಈಗ ಬಹುಮಟ್ಟಿಗೆ ಉಕ್ಕಿನ ತಂತಿಗಳೇ.

ಒಡಲಿನೊಳಗೆ, ಕುದುರೆಯ ಒಂದು ಕಾಲಿನ ಸಮೀಪದಲ್ಲಿ, ಸ್ಪ್ರೂಸಿನದೇ ಒಂದು ಸಣ್ಣ ಕಡ್ಡಿಯು ಮೇಲಣ ಹಲಗೆಗೂ ಕೆಳಗಣ ಹಲಗೆಗೂ ನಡುವೆ ನಿಂತಿರುವುದು. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ, ಒತ್ತಡದಿಂದಲೇ ನಿಂತಿರುವುದು. ಅದು ಕೂದಲೆಳೆಯಷ್ಟು ಸರಿದರೂ ನಾದವು ಬೇರೆಯಾಗುವುದು. ಇಟಲಿಯವರು ಈ ಕಡ್ಡಿಯನ್ನು ‘ಜೀವ’ ಎಂಬ ಅರ್ಥದ ಮಾತಿನಿಂದಲೇ ಕರೆಯುವರು. ಎಷ್ಟು ಸಾರ್ಥಕವಾದ ಹೆಸರು!

ವಾದ್ಯದ ಅಂಗಾಂಗಗಳಿಗೆ ಹೀಗೆ ಹೆಸರಿಡುವುದು ನಮಗೇನೂ ಹೊಸತಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ವೀಣೆಯ ದಂಡವು ಪ್ರವಾಲ, ಒಡಲು ಕೋಲಂಬಕ, ತಂತಿಯನ್ನು ಕಟ್ಟುವ ಎಡೆಯು ಉಪನಾಹ ಎಂಬುದು ನೆನಪಿರಬಹುದು. ನಮ್ಮ ಮೈಸೂರಿನ ವೀಣೆಯು ಹಲಸಿನ ಮರದ್ದು. ತಂತಿಗಳು ಏಳು; ಮೆಟ್ಟಿಲುಗಳು 24, ಹಿತ್ತಾಳೆಯವು. ಅವನ್ನು ಜೇನುಮೇಣಕ್ಕೆ ಕಾಡಿಗೆಯನ್ನು ಬೆರೆಸಿ ಕೂಡಿಸುವರು. ವೀಣೆ ಶೇಷಣ್ಣನವರ (1852–1926) ಬೆರಳುಗಳಲ್ಲಿ ರಾಜಸಭೆಗಳನ್ನು ಮರುಳು ಮಾಡಿದ ನಾದವು ಹುಟ್ಟಿದ್ದು ಇಂತಹ ಪದಾರ್ಥಗಳಿಂದಲೇ. ಪಿಟೀಲಾದರೋ ಪರದೇಶದಿಂದ ಬಂದುದು. ಮುತ್ತುಸ್ವಾಮಿ ದೀಕ್ಷಿತರ ಸಹೋದರ ಬಾಲುಸ್ವಾಮಿ ದೀಕ್ಷಿತರು (1786–1858) ಅದನ್ನು ನಮ್ಮ ಸಂಗೀತಕ್ಕೆ ಪಳಗಿಸಿದರು. ಮುಂದೆ ತಿರುಮಕೂಡಲು ನರಸೀಪುರದ ಚೌಡಯ್ಯನವರು (1895–1967), ಧ್ವನಿವರ್ಧಕ ಯಂತ್ರಗಳಿಲ್ಲದ ಆ ದಿನಗಳಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು, 1927ರ ಸುಮಾರಿಗೆ ಅದಕ್ಕೆ ಏಳು ತಂತಿಗಳನ್ನು ಹಾಕಿದರು. ಆದ ಕಾರಣ ಚೆಲ್ಲೊ ಹಿಡಿದ ಮೊಮ್ಮಗಳನ್ನು ಕಂಡು ಯಾರೂ ಹುಬ್ಬು ಗಂಟಿಕ್ಕಬೇಕಾಗಿಲ್ಲ. ನಿನ್ನೆಯ ಅತಿಥಿಯೇ ಇಂದಿನ ಮನೆಯವನಾಗಿರುವನು.

ಈಗ ಎರಡನೆಯ ಪ್ರಶ್ನೆ: ಕಮಾನು. ನೋಡಿದರೆ ಒಂದು ಕೋಲು. ಉದ್ದ ಸುಮಾರು 71 ಸೆಂಟಿಮೀಟರು, ತೂಕ ಸುಮಾರು 80 ಗ್ರಾಮು. ಆದರೆ ಅದು ನಾಲ್ಕು ದಿಕ್ಕುಗಳ ಪದಾರ್ಥಗಳನ್ನು ಕೂಡಿಸಿಕೊಂಡಿರುವುದು. ಬಿಳಿಯ ಕೂದಲು ಕುದುರೆಯ ಬಾಲದ್ದು. ಮಂಗೋಲಿಯ, ಸೈಬೀರಿಯಗಳಂತಹ ಶೀತದೇಶಗಳ ಕುದುರೆಗಳ ಕೂದಲು ಬಲವಾದುದೆಂದು ಪ್ರಸಿದ್ಧಿ. ಒಂದು ಕಮಾನಿಗೆ ಸುಮಾರು ಇನ್ನೂರು ಕೂದಲು ಬೇಕು. ಕೈಹಿಡಿಯುವ ತುಂಡು ಕರಿಮರದ್ದು. ಅದರಲ್ಲಿ ಮುತ್ತಿನ ಚಿಪ್ಪಿನ ಕೆತ್ತನೆ, ಬೆಳ್ಳಿಯ ಕಟ್ಟು. ತುದಿಯ ತಗಡು ಹಿಂದೆ ಆನೆಯ ದಂತದ್ದಾಗಿತ್ತು. ಈಗ ಮೂಳೆಯದೋ ಬೆಳ್ಳಿಯದೋ ಆಗಿರುವುದು.

ಬರಿಯ ಕೂದಲನ್ನು ತಂತಿಯ ಮೇಲೆ ಎಳೆದರೆ ನಾದವೇ ಹುಟ್ಟದು. ಅದಕ್ಕೆ ರಾಳವನ್ನು ತಿಕ್ಕಬೇಕು. ಪೈನ್ ಮರದ ಅಂಟನ್ನು ಕಾಯಿಸಿ ಟರ್ಪೆಂಟೈನ್ ಎಣ್ಣೆಯನ್ನು ಬಟ್ಟಿಯಿಳಿಸಿದ ಮೇಲೆ ಉಳಿಯುವ ಗಟ್ಟಿಯೇ ಈ ರಾಳ. ರಾಳ ಹತ್ತಿದ ಕೂದಲು ತಂತಿಯನ್ನು ಹಿಡಿದೆಳೆಯುವುದು; ಎಳೆತ ಮಿತಿಮೀರಿದಾಗ ತಂತಿಯು ಜಾರಿ ಹಿಂದಕ್ಕೆ ಬರುವುದು; ಮರಳಿ ಹಿಡಿಯುವುದು, ಮರಳಿ ಜಾರುವುದು. ಚೆಲ್ಲೊವಿನ ಅತಿ ಮಂದ್ರದ ತಂತಿಯಲ್ಲಿ ಇದು ಒಂದು ಸೆಕೆಂಡಿಗೆ ಸುಮಾರು 65 ಬಾರಿ, ಅತಿ ತಾರದ ತಂತಿಯಲ್ಲಿ 220 ಬಾರಿ ನಡೆಯುವುದು. ಈ ಪೈನ್ ಮರವನ್ನೇ ನಮ್ಮವರು ಸರಳವೃಕ್ಷವೆಂದರು. ಹಿಮಾಲಯದ ಆನೆಗಳು ಕಪೋಲದ ನವೆಯನ್ನು ಕಳೆಯಲು ಸರಳವೃಕ್ಷಗಳಿಗೆ ಮೈಯುಜ್ಜಿದಾಗ ಒಸರಿದ ಹಾಲಿನಿಂದ ಬೆಟ್ಟದ ತಪ್ಪಲೆಲ್ಲ ಪರಿಮಳಿಸಿತೆಂದು ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ವರ್ಣಿಸಿರುವನು. ಆನೆಗೆ ನವೆ ಕಳೆದ ಆ ಅಂಟೇ ಮನುಷ್ಯನಿಗೆ ನಾದವನ್ನು ಕೊಟ್ಟಿತು.

ಕೋಲಿನ ಮರವೇ ಎಲ್ಲಕ್ಕಿಂತ ವಿಚಿತ್ರವಾದ ಕಥೆಯುಳ್ಳದ್ದು. ನಮ್ಮ ದೇಶದಲ್ಲಿ ಪತಂಗವೆಂಬ ಮರವುಂಟು. ಅದರ ಚಕ್ಕೆಯಿಂದ ಕೆಂಪು ಬಣ್ಣವನ್ನು ತೆಗೆಯುವರು. ಮಧ್ಯಯುಗದ ಯೂರೋಪಿಗೆ ಪೂರ್ವದೇಶಗಳಿಂದ ಹೋಗುತ್ತಿದ್ದ ಈ ಬಣ್ಣದ ಮರಕ್ಕೆ ಅವರು ಬ್ರೆಜಿಲ್ ಎಂಬ ಹೆಸರಿಟ್ಟಿದ್ದರು. 1500ರಲ್ಲಿ ಪೋರ್ಚುಗೀಸರು ದಕ್ಷಿಣ ಅಮೆರಿಕದ ಕರಾವಳಿಯನ್ನು ಮುಟ್ಟಿದಾಗ ಅಲ್ಲಿಯೂ ಅದೇ ಬಗೆಯ ಕೆಂಪುಬಣ್ಣದ ಮರವನ್ನು ಕಂಡು, ಅದಕ್ಕೂ ಆ ಹೆಸರನ್ನೇ ಇಟ್ಟರು. ಕ್ರಮೇಣ ಆ ದೇಶಕ್ಕೇ ಬ್ರೆಜಿಲ್ ಎಂಬ ಹೆಸರಾಯಿತು. ಮರದಿಂದ ದೇಶಕ್ಕೆ ಹೆಸರು ಬಂದುದು ಹೀಗೆ! ಬಣ್ಣಕ್ಕೆಂದು ಹಡಗಿನಲ್ಲಿ ತಂದ ಆ ಮರದ ಗುಣವನ್ನು ಕಮಾನು ಮಾಡುವವರು ಕಂಡುಕೊಂಡರು. ಪ್ಯಾರಿಸಿನ ಫ್ರಾನ್ಸ್ವಾ ಸಾವಿಯೇ ತೂರ್ತ್ (1747–1835) ಎಂಬಾತನು ಮೊದಲು ಗಡಿಯಾರದ ಕೆಲಸ ಕಲಿತವನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇವನು ಈ ಮರದ ಕೋಲನ್ನು ಬೆಂಕಿಯ ಕಾವಿನಿಂದ ಒಳಬಾಗಿಸಿ, ಇಂದಿಗೂ ನಡೆಯುತ್ತಿರುವ ಕಮಾನಿನ ಆಕಾರವನ್ನು ನಿಲ್ಲಿಸಿದನು. ಪೆರ್ನಂಬುಕೊ ಎಂದು ವಾದ್ಯಗಾರರು ಕರೆಯುವ ಈ ಮರವು ಭಾರವಾದರೂ ಬಳುಕುವುದು, ಬಳುಕಿದರೂ ತನ್ನ ಆಕಾರವನ್ನು ಮರೆಯದು.

ಇದರ ಫಲವೇನಾಯಿತೆಂದರೆ, ಮೊದಲು ಬಣ್ಣಕ್ಕಾಗಿ ಕಡಿದರು. ಬಳಿಕ ಹೊಲಗಳಿಗೂ ಊರುಗಳಿಗೂ ಎಡೆ ಮಾಡಲು ಕಾಡನ್ನೇ ತೆಗೆದರು. ಉಳಿದುದರಲ್ಲಿ ಕಮಾನಿಗಾಗಿ ಆರಿಸಿ ಕಡಿದರು. 1978ರಲ್ಲಿ ಬ್ರೆಜಿಲ್ ದೇಶವು ಅದನ್ನು ತನ್ನ ರಾಷ್ಟ್ರವೃಕ್ಷವೆಂದು ಸಾರಿತು. 2007ರಲ್ಲಿ, ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಅದು ಸೇರಿತು. ಒಳ್ಳೆಯ ಕಮಾನಿನ ಬೆಲೆಯಲ್ಲಿ ಕೈಕೆಲಸದ ನೈಪುಣ್ಯವು ಒಂದು ಪಾಲು. ಮರದ ದಾರಿದ್ರ್ಯವು ಇನ್ನೊಂದು ಪಾಲು. ಆದುದರಿಂದಲೇ ಇಂಗಾಲದ ಎಳೆಗಳಿಂದ ಮಾಡಿದ ಕಮಾನುಗಳು ಈಗ ಬಳಕೆಗೆ ಬಂದಿರುವುವು. ಕಲಿಯುವ ಮಕ್ಕಳಿಗೆ ಅವು ಸಾಕೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಮೂರನೆಯ ಪ್ರಶ್ನೆ: ನಮ್ಮ ಬೀಟೆ. ಇದಕ್ಕೆ ಉತ್ತರ ಹೇಳಬೇಕಾದರೆ ಬೆಟ್ಟವನ್ನು ಹತ್ತಬೇಕು. ಗುಂಡ್ಲುಪೇಟೆಯಿಂದ ಹಂಗಳದ ಮೇಲೆ ಹೋದರೆ ಸಿಕ್ಕುವ ಹಿಮವದ್ ಗೋಪಾಲಸ್ವಾಮಿ ಬೆಟ್ಟವು 1,454 ಮೀಟರು ಎತ್ತರ. ಮಂಜು ಸದಾ ಕವಿದಿರುವುದರಿಂದ ಅದಕ್ಕೆ ಆ ವಿಶೇಷಣವು ಬಂದಿತು. ಮೇಲಣ ಗುಡಿಯನ್ನು ಹೊಯ್ಸಳ ಬಲ್ಲಾಳನ ಕಾಲದಲ್ಲಿ, 1315ರ ಸುಮಾರಿಗೆ ಕಟ್ಟಿದರೆಂದು ಹೇಳುವುದು ವಾಡಿಕೆ. ಒಳಗಿರುವ ಸ್ವಾಮಿಯು ಕೊಳಲನ್ನು ಹಿಡಿದ ವೇಣುಗೋಪಾಲ. ಸುತ್ತಲಿರುವುದು ಬಂಡೀಪುರದ ಕಾಡು: ಬೀಟೆ, ತೇಗ, ಹೊನ್ನೆ, ಮತ್ತಿ, ದಿಂಡಿಗ, ಶ್ರೀಗಂಧ, ಬಿದಿರು. ಗುಡಿಯ ಪ್ರಾಕಾರದಿಂದ ನೋಡಿದರೆ ಹುಲ್ಲಿನ ಇಳಿಜಾರಿನಲ್ಲಿ ಆನೆಗಳು ಮೇಯುವುದು ಅನೇಕ ವೇಳೆ ಕಾಣುವುದು. ವಾದ್ಯಕ್ಕೆ ಬೇಕಾದ ಬೀಟೆಯೂ ದಂತವೂ ಬಿದಿರೂ ಒಂದೇ ನೋಟದಲ್ಲಿ, ಜೀವಂತವಾಗಿ, ಕಣ್ಣಿಗೆ ಬೀಳುವ ಇಂತಹ ಸ್ಥಳಗಳು ಕೆಲವೇ.

1931ರಲ್ಲಿ ಬಂಡೀಪುರದ ಸುತ್ತಿನ 90 ಚದರ ಕಿಲೋಮೀಟರು ಕಾಡನ್ನು ಮೈಸೂರು ಸಂಸ್ಥಾನದವರು ವನ್ಯಮೃಗಗಳಿಗೆ ಮೀಸಲಿಟ್ಟರು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿದಾಗ ಬೆಟ್ಟದ ಸ್ವಾಮಿಯ ಹೆಸರಿನಿಂದಲೇ ‘ವೇಣುಗೋಪಾಲ ವನ್ಯಮೃಗೋದ್ಯಾನ’ ಎಂದು ಕರೆದರು. 1973ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಈಗ ಅಲ್ಲಿಂದ ಒಂದು ಕಡ್ಡಿಯನ್ನು ಸಹ ತರುವಂತಿಲ್ಲ. ಯಾತ್ರಿಕರ ಗಾಡಿಗಳು ಸಹ ಬೆಟ್ಟದ ಬುಡದಲ್ಲಿಯೇ ನಿಲ್ಲತಕ್ಕದ್ದು. ಮೇಲಕ್ಕೆ ಸರಕಾರದ ಬಸ್ಸಿನಲ್ಲಿ ಹೋಗಬೇಕು. 2019ರ ಫೆಬ್ರವರಿಯಲ್ಲಿ ಕಾಡ್ಗಿಚ್ಚು ಬಂಡೀಪುರದ ಸಾವಿರಾರು ಎಕರೆಗಳನ್ನು ಸುಟ್ಟುದನ್ನು ಬಲ್ಲವರಿಗೆ, ಈ ಕಟ್ಟುಪಾಡುಗಳು ಅತಿಯೆಂದು ತೋರಲಾರದು.

ದಂತದ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 1977ರಲ್ಲಿ ಆನೆಯನ್ನು ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದರು. 1986ರಲ್ಲಿ ಭಾರತದ ಆನೆಯ ದಂತದ ವ್ಯಾಪಾರವನ್ನೂ, 1991ರಲ್ಲಿ ಆಫ್ರಿಕದಿಂದ ತರಿಸಿದ ದಂತದ ವ್ಯಾಪಾರವನ್ನೂ ನಿಲ್ಲಿಸಿದರು. ಬೀಟೆಯಲ್ಲಿ ದಂತವನ್ನು ಕೂಡಿಸಿ ಚಿತ್ರ ಬಿಡಿಸುತ್ತಿದ್ದ ಮೈಸೂರಿನ ಕುಶಲಕರ್ಮಿಗಳು ಈಗ ಬೇರೆ ಬೇರೆ ಬಣ್ಣದ ಮರಗಳನ್ನೂ ಪ್ಲಾಸ್ಟಿಕ್ಕನ್ನೂ ಬಳಸುತ್ತಿರುವರು. ಬೀಟೆಯ ಜಾತಿಯ ಮರಗಳೆಲ್ಲವೂ 2017ರ ಆರಂಭದಿಂದ ಆ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದುವು. ಸಿದ್ಧವಾದ ವಾದ್ಯಗಳಿಗೆ ಮಾತ್ರ 2019ರಲ್ಲಿ ವಿನಾಯಿತಿ ದೊರೆಯಿತು.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಕಾಡನ್ನು ಉಳಿಸುವ ಭರದಲ್ಲಿ ಕುಶಲಕರ್ಮಿಯ ಹೊಟ್ಟೆಯ ಮೇಲೆ ಹೊಡೆಯಬಹುದೆ? ತಲೆತಲಾಂತರದಿಂದ ಬಂದ ವಿದ್ಯೆಯು ಮರವಿಲ್ಲದೆ ನಶಿಸಿದರೆ ಅದೂ ನಷ್ಟವಲ್ಲವೆ? ನಷ್ಟವೇ ಸರಿ. ಆ ಕೈಗಳ ಕಷ್ಟವನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಆದರೆ ಬ್ರೆಜಿಲ್ ದೇಶದ ಕಥೆಯು ಕಣ್ಣೆದುರಿಗಿರುವುದು: ಮರವು ಮುಗಿದ ಮೇಲೆ ವಿದ್ಯೆಯು ತಾನೇ ಬಡವಾಗುವುದು. ಬೀಟೆಯು ವಾದ್ಯಕ್ಕೆ ಒದಗುವಷ್ಟು ಬಲಿಯಲು ಒಬ್ಬ ಮನುಷ್ಯನ ಆಯುಸ್ಸು ಸಾಲದು. ಇಂದು ಕಡಿದವನು ಮೊಮ್ಮಗನ ಪಾಲನ್ನೂ ಉಂಡಂತೆಯೇ. ಕಾಡನ್ನು ಕಾಯುವುದು ಕುಶಲಕರ್ಮಿಗೆ ಶತ್ರುತ್ವವಲ್ಲ. ಅವನ ಕಸುಬಿನ ಮೂಲಧನವನ್ನು ಕಾಯುವುದೇ ಆಗಿರುವುದು. ಇಂದಿನ ಅವನ ಜೀವನಕ್ಕೆ ಮಾತ್ರ ಬೇರೆ ಮರವನ್ನು ಒದಗಿಸಬೇಕು. ಆ ಭಾರವು ನಮ್ಮ ಮೇಲಿರುವುದು.

ಆ ಬೇರೆ ಮರವು ಯಾವುದು? ಹಲಸು. ಕಾಡಿಗೆ ಹೋಗಬೇಕಾಗಿಲ್ಲ, ಹಿತ್ತಿಲಿನಲ್ಲಿಯೇ ಬೆಳೆಯುವುದು. ಹಣ್ಣು ಮಕ್ಕಳಿಗೆ, ಬೀಜ ಸಾರಿಗೆ, ಎಲೆ ಮೇಕೆಗೆ, ಮುದಿಯಾದ ಮೇಲೆ ಮರವು ವೀಣೆಗೆ. ಕಡಿಯುವಾಗ ಕಾನೂನಿನಂತೆ ಅಪ್ಪಣೆ ಪಡೆದು, ಕಡಿದ ದಿಮ್ಮಿಯನ್ನು ಒಲೆಗೆ ಹಾಕದೆ ವೀಣೆ ಮಾಡುವವರಿಗೆ ಮುಟ್ಟಿಸಿದರೆ ಒಂದು ಕಸುಬು ಉಳಿಯುವುದು. ಪ್ರತಿಯೊಬ್ಬ ಗೃಹಸ್ಥನೂ ಮೊಮ್ಮಗು ಹುಟ್ಟಿದಾಗ ಒಂದು ಹಲಸಿನ ಸಸಿಯನ್ನು ನೆಡುವುದೆಂದು ಸಂಕಲ್ಪ ಮಾಡಿದರೆ, ವೈಣಿಕರಿಗೆ ಮರದ ಕ್ಷಾಮವು ಬಾರದು.

ನಮ್ಮ ಪತ್ರಲೇಖಕರ ಅಟ್ಟದ ತೊಲೆಯ ವಿಷಯಕ್ಕೆ ಬರುವೆವು. ಇಡೀ ಚೆಲ್ಲೊವನ್ನು ಅದರಿಂದ ಮಾಡಿಸುವುದು ಸಲ್ಲದು. ಬೀಟೆಯು ಸ್ಪ್ರೂಸಿನ ಎರಡರಷ್ಟು ಭಾರ. ಅದರ ಮುಖಹಲಗೆಯು ತಂತಿಯ ಮಾತನ್ನು ಕೇಳದು. ಆದರೆ ಬಿರಡೆಗಳಿಗೂ ಬಾಲಹಲಗೆಗೂ ಅದು ಬಹು ಉತ್ತಮ. ವಾದ್ಯದ ಕೆಲಸ ಬಲ್ಲವರಿಂದ ಅಷ್ಟನ್ನು ಮಾಡಿಸಲಿ. ತೊಲೆಯ ಉಳಿದ ಭಾಗವನ್ನು ಒಣಗಿದ ಜಾಗದಲ್ಲಿ, ಹುಳು ಹಿಡಿಯದಂತೆ ಇಟ್ಟಿರಲಿ. ಮುಂದೆ ಯಾವ ಬಿರಡೆ ಒಡೆದೀತೋ ಯಾರು ಬಲ್ಲರು? ಮಾರುವ ಅಥವಾ ಸಾಗಿಸುವ ಯೋಚನೆಯಿದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ಇತರ ವಾಚಕರಿಗೂ ಒಂದು ಮಾತು: ಮನೆಯಲ್ಲಿ ದಂತದ ಕೆತ್ತನೆಯ ಹಳೆಯ ವೀಣೆಯಿದ್ದರೆ, ಅದನ್ನು ಕಾಗದಪತ್ರಗಳನ್ನು ವಿಚಾರಿಸದೆ ಯಾರ ಕೈಗೂ ಕೊಡಬೇಡಿರಿ, ಮಾರುವುದಂತೂ ಕೂಡದು. ಬಿಸಿಲಿಗೂ ಒಲೆಯ ಕಾವಿಗೂ ದೂರವಾಗಿ ಇಡಿರಿ. ಮೇಣ ಕರಗಿದರೆ ಮೆಟ್ಟಿಲುಗಳು ಸರಿಯುವುವು. ಕಮಾನನ್ನು ನುಡಿಸಿದ ಮೇಲೆ ತಿರುಪನ್ನು ಸಡಿಲಿಸಿ ಇಡಿರಿ. ತಂತಿಯ ಮೇಲೆ ಬಿದ್ದ ರಾಳದ ಪುಡಿಯನ್ನು ಮೆತ್ತನೆಯ ಬಟ್ಟೆಯಿಂದ ಒರಸಿರಿ. ಜತನವಾಗಿ ಇಟ್ಟುಕೊಂಡ ವಾದ್ಯವೊಂದು ಕಡಿಯದೆ ಉಳಿದ ಮರವೊಂದಕ್ಕೆ ಸಮಾನ.

ಬೆಟ್ಟದ ಮೇಲಿನ ಸ್ವಾಮಿಯು ತನ್ನ ಸುತ್ತಲಿನ ಬೀಟೆಯನ್ನೂ ಶ್ರೀಗಂಧವನ್ನೂ ದಂತವನ್ನೂ ಬಿಟ್ಟು, ಒಂದು ಬಿದಿರಿನ ತುಂಡನ್ನು ಮಾತ್ರ ಕೈಯಲ್ಲಿ ಹಿಡಿದಿರುವನು. ಬಿದಿರಿನ ಮೆಳೆಯಿಂದ ಒಂದು ಗಳುವನ್ನು ತೆಗೆದರೆ ಮರು ಮಳೆಗಾಲಕ್ಕೆ ಹೊಸ ಮೊಳಕೆ ಏಳುವುದು. ಎಲ್ಲರೂ ಕೊಳಲನ್ನೇ ಊದಬೇಕೆಂದು ನಾವು ಹೇಳುವುದಿಲ್ಲ. ವೀಣೆಯೂ ಬೇಕು, ಪಿಟೀಲೂ ಬೇಕು, ಗುಂಡ್ಲುಪೇಟೆಯ ಮೊಮ್ಮಗಳ ಚೆಲ್ಲೊವೂ ಬೇಕು. ಮರಳಿ ಚಿಗುರುವಷ್ಟನ್ನೇ ತೆಗೆದುಕೊಳ್ಳುವುದು, ತೆಗೆದುಕೊಂಡುದನ್ನು ಕೆಡದಂತೆ ಇಟ್ಟುಕೊಳ್ಳುವುದು: ಇವೆರಡನ್ನು ಮನೆಯ ಹಿರಿಯರು ನಡೆಸಿ ತೋರಿಸಿದರೆ ಕಿರಿಯರಿಗೆ ಬೇರೆ ಪಾಠವು ಬೇಕಾಗದು. ಈ ಮಳೆಗಾಲಕ್ಕೆ ಹಲಸಿನ ಬೀಜವನ್ನು ಊರಲು ಮರೆಯದಿರಿ. ಬೀಜವು ತಾಜಾ ಇರುವಾಗಲೇ ಊರತಕ್ಕದ್ದು; ಒಣಗಿದರೆ ಮೊಳೆಯದು.